ಹೆಸರಿಡುವ ಗಂಡನಿಗೆ ಖಾರದ ಬಿಯರು

ಅಡುಗೆಗೆ ಹೆಸರಿಡುವುದರಲ್ಲಿ ನನ್ನ ಗಂಡ ಇಡೀ ಶಹಾಬಾದಿಗೇ ಮೊದಲಿಗರು. ನಮ್ಮ ಕಡೆ ಹೆಸರಿಡುವುದೆಂದರೆ ತಪ್ಪು ಎತ್ತಿ ಆಡುವುದು. ರೊಟ್ಟಿ ಮುರಿಯುವ ಮೊದಲೇ ಅವರ ಮೂಗು ಕೆಲಸ ಶುರು ಮಾಡುತ್ತಿತ್ತು. "ಬ್ಯಾಳಿ ಒಗ್ಗರಣಿ ಹೊತ್ತ್ಯಾದ." "ಬದ್ನಿಕಾಯಿ ನಿನ್ನಿವು." "ಇವತ್ತಿನ ಚಟ್ನಿಗಿ ಬಳ್ಳೊಳ್ಳಿ ಎರಡು ಎಸಳು ಕಮ್ಮಿ ಬಿದ್ದಾವ." ನಿಜಕ್ಕೂ ಎರಡೇ ಎಸಳು ಕಡಿಮೆ ಬಿದ್ದಿರುತ್ತಿದ್ದವು. ನನ್ನ ಸಿಟ್ಟೆಲ್ಲ ಅದಕ್ಕೇ. ಸುಳ್ಳು ಹೇಳುವವರ ಜೊತೆ ಜಗಳ ಆಡಬಹುದು, ಸರಿಯಾಗಿ ಹೇಳುವವರ ಜೊತೆ ಏನು ಆಡುವುದು? ಇಪ್ಪತ್ತೆರಡು ವರ್ಷ ಪಾತ್ರೆ ಕುಕ್ಕಿಯೇ ಉತ್ತರ ಕೊಟ್ಟೆ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವರದು ಆರು ದಿನದ ಜ್ವರಕ್ಕೆ ಹೋಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಆದರೆ ಬಿಟ್ಟುಹೋಗುವಾಗ ಬಾಯಿರುಚಿಯನ್ನೂ ಮೂಗಿನ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಕಲಬುರಗಿಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಬಂದ್ರ ಬರ್ತದ, ಟೈಮ್ ಹಿಡಿತದ" ಎಂದರು. ಅಂದಿನಿಂದ ಗಂಗಾಳದಲ್ಲಿ ಏನು ಬಿದ್ದರೂ ಇವರದು ಒಂದೇ ಮಾತು: "ಛಲೋ ಆಗ್ಯಾದ."

ಮೊದಲ ವಾರ ನನಗೆ ಹಬ್ಬ. ಎರಡನೇ ವಾರ ಯಾಕೋ ಕಸಿವಿಸಿ. ಒಂದು ದಿನ ಬೇಕೆಂದೇ ತಳ ಹತ್ತಿದ ಅನ್ನ ಬಡಿಸಿದೆ. ನನ್ನ ಅತ್ತೆ ಮೂಗು ಮುಚ್ಚಿಕೊಂಡರು. ಇವರು ಇನ್ನೊಂದು ಸಾರಿ ಹಾಕಿಸಿಕೊಂಡು, "ಛಲೋ ಆಗ್ಯಾದ" ಎಂದು ಕೈ ತೊಳೆದರು. ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಯಾರಿಗಾಗಿ ಎರಡು ಎಸಳು ಹೆಚ್ಚು ಹಾಕಬೇಕು? ಅಡುಗೆಮನೆಯಲ್ಲಿ ನಾನು ಒಬ್ಬಳೇ ಆಗಿಹೋಗಿದ್ದೆ. ಹೀಗೆ ಎಂಟು ತಿಂಗಳು ಕಳೆದವು.

ಭಾನುವಾರಗಳು ಇನ್ನೂ ಕಷ್ಟ. ಚಿತ್ತಾಪುರದ ಕಚೇರಿಯಲ್ಲಿ ಆರು ದಿನ ಕಡತ ತಿರುವಿ ಬರುವ ಇವರಿಗೆ ಏಳನೇ ದಿನ ಒಂದು ಬಾಟಲಿ ಬಿಯರಿನ ರೂಢಿ ಇತ್ತು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಆದರೂ ಪೇಪರಿನಲ್ಲಿ ಸುತ್ತಿಕೊಂಡ ಆ ಬಾಟಲಿ ಹಿತ್ತಲಿನ ಪರಸಿಕಲ್ಲಿನ ಕಟ್ಟೆಯವರೆಗೆ ಬರುತ್ತಿತ್ತು. ಅತ್ತೆ ಅದಕ್ಕೆ "ಗ್ಯಾಸಿನ ಔಷಧ" ಎಂದು ತಾವೇ ಹೆಸರು ಕೊಟ್ಟು ಧರ್ಮ ಉಳಿಸಿಕೊಂಡಿದ್ದರು. ಜ್ವರದ ನಂತರ ಇವರು ಒಂದು ಗುಟುಕು ಕುಡಿದು, "ನೊರಿ ನೀರು" ಎಂದು ಉಳಿದದ್ದನ್ನು ಕರಿಬೇವಿನ ಬುಡಕ್ಕೆ ಸುರಿದರು. ಆಮೇಲಿನ ಭಾನುವಾರಗಳಲ್ಲಿ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು, ಮೊಣಕಾಲ ಮೇಲೆ ಕೈಯಿಟ್ಟುಕೊಂಡು.

ನಾನು ವಾಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ಮಧ್ಯಾಹ್ನ ಒಂಬತ್ತನೆಯವರಿಗೆ ನಾಲಿಗೆಯ ಪಾಠ ಹೇಳುತ್ತಿದ್ದೆ. ಸಿಹಿ, ಹುಳಿ, ಉಪ್ಪು, ಕಹಿ ರುಚಿಗಳು. ಖಾರ ಮಾತ್ರ ರುಚಿಯಲ್ಲ, ಅದು ಉರಿ, ಅದರ ನರವೇ ಬೇರೆ. ಬರೆಯುತ್ತಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ರುಚಿ ಹೋದವರಿಗೂ ಉರಿ ಉಳಿದಿರಬೇಕಲ್ಲ! ಊಟದಲ್ಲಿ ಖಾರ ನಮಗೆ ಹೊಸ ಸುದ್ದಿಯಲ್ಲ, ಹಸಿಮೆಣಸಿನಕಾಯಿ ಕಚ್ಚದೆ ರೊಟ್ಟಿ ಇಳಿಯುವುದೇ ಇಲ್ಲ. ಆದರೆ ಬಿಯರಿನಲ್ಲಿ? ಫೋನಿನಲ್ಲಿ ಹುಡುಕಿದೆ. ಪರದೇಶದವರು ಮೆಣಸಿನಕಾಯಿ ಹಾಕಿ ಬಿಯರು ಮಾಡಿ, ಅದಕ್ಕೆ ಬಹುಮಾನ ಬೇರೆ ಕೊಡುತ್ತಾರಂತೆ.

ಅಂಥದ್ದು ನಮ್ಮಲ್ಲಿ ಸಿಗುವುದಿಲ್ಲ. ಸಿಕ್ಕರೂ ಆ ಅಂಗಡಿಯ ಸಾಲಿನಲ್ಲಿ ನನ್ನ ವಿದ್ಯಾರ್ಥಿಗಳ ಅಪ್ಪಂದಿರ ಹಿಂದೆ ನಾನು ಹೇಗೆ ನಿಲ್ಲಲಿ? ಮನೆಯಲ್ಲೇ ಮಾಡುವುದೆಂದು ಗಟ್ಟಿ ಮಾಡಿದೆ. ಇದಕ್ಕೆ ಕಾನೂನು ಏನನ್ನುತ್ತದೆ ಎಂದು ಕೇಳಲು ಹೋಗಲಿಲ್ಲ. ಕೇಳಿದರೆ ಅದು ಹೇಳಿಬಿಡುತ್ತಿತ್ತು.

ಜೋಳ ನೆನೆಹಾಕಿ, ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಒಣಹಾಕಿದೆ. ಬೇಕರಿಯಿಂದ ಈಸ್ಟ್ ತಂದೆ. ಕಹಿಗೆ ಹಾಪ್ಸ್ ಎಂಬ ಹೂ ಬೇಕು ಎಂದು ಫೋನು ಹೇಳಿತು. ತವರಿನ ಕಡೆಯ ಚಂದಾಪುರದ ಕಿರಾಣಿಯವನು ನನ್ನನ್ನು ಮೇಲೆ ಕೆಳಗೆ ನೋಡಿ, "ಹೂ ಇಲ್ರಿ ಬಾಯಾರ, ಕಸೂರಿ ಮೇತಿ ಅದ, ಕೊಡ್ಲಾ?" ಎಂದ. ಅದನ್ನೇ ತಂದೆ. ಮೆಣಸಿನಕಾಯಿಗೆ ನನ್ನ ತವರೂರು ಕೊಡ್ಲಿ ಇದ್ದೇ ಇತ್ತು. ಆ ಕಾಯಿಗೆ ಇವರು ಮದುವೆಯ ದಿನವೇ ಮೊದಲ ಹೆಸರಿಟ್ಟಿದ್ದರು.

ಜೋಳದ ನೀರು ಒಲೆಯ ಮೇಲೆ ಕುದಿಯುವಾಗ ಅತ್ತೆ ಬಂದು ಬಾಗಿಲಲ್ಲಿ ನಿಂತರು. ಅವರು ಪಾತ್ರೆಗೆ ಬಗ್ಗಿ ನೋಡಿದರು.

"ಏನು ಮಾಡ್ಲಿಕತ್ತೀ ಅಂತ ನಾ ಕೇಳಂಗಿಲ್ಲ, ನೀ ಹೇಳ್ಬ್ಯಾಡ" ಎಂದರು. "ಅವ ಹೆಸರಿಡ್ತಾನೇನು ಇದಕ್ಕ?"

"ಹೆಸರಿಡ್ಲಿ ಅಂತನೇ ಮಾಡ್ಲಿಕತ್ತೀನ್ರಿ ಅತ್ತಿ."

"ಹಂಗಂದ್ರ ಲಿಂಗದ ಕ್ವಾಣಿ ಬಾಗ್ಲ ಹಾಕಿ ಬರ್ತೀನಿ, ತಡಿ. ಗಾಳಿ ಅತ್ಲಾಗ ಹೋಗಬಾರ್ದು, ಅಷ್ಟ."

ಬಾಗಿಲು ಹಾಕಿ ಬಂದವರು ಪಕ್ಕದಲ್ಲೇ ಮಣೆ ಎಳೆದು ಕೂತರು. ಮಗನ "ಛಲೋ ಆಗ್ಯಾದ" ಕೇಳಿ ಕೇಳಿ ಅವರೂ ಸೋತಿದ್ದರೆಂದು ನನಗೆ ಅಂದೇ ಗೊತ್ತಾದದ್ದು. ಮೆಣಸಿನಕಾಯಿ ಎಷ್ಟು ಎಂದು ಕೇಳಿದರು. ಈ ಪಾತ್ರೆಗೆ ಮೂರು ಸಾಕಂತೆ ಎಂದೆ.

"ಮೂರಾ? ಕೂಸಿಗಿ ದೃಷ್ಟಿ ತೆಗಿಲಿಕ್ಕೂ ಐದು ಬೇಕು."

"ಫೋನಿನ್ಯಾಗ ಹಂಗೇ ಅದ್ರಿ."

"ಫೋನಿನವ್ರು ಬೆಣ್ಣಿ ತಿನ್ನೋ ಮಂದಿ. ನಮ್ಮ ನಾಲಿಗಿ ಅಳತಿ ಅವ್ರಿಗೇನು ಗೊತ್ತು?"

ನನಗೂ ಹೌದೆನಿಸಿತು. ಓದಿದವಳು ನಾನು ತಡೆಯಬೇಕಿತ್ತು, ಆದರೆ ಖಾರದ ವಿಷಯದಲ್ಲಿ ನಮ್ಮ ಕಡೆಯವರಿಗೆ ಇರುವ ಜಂಬ ಓದಿನಿಂದ ಹೋಗುವಂಥದ್ದಲ್ಲ. ಅತ್ತೆ ಒಂದು ಹಿಡಿ ಹಾಕಿದರು. ಅವರ ಹಿಡಿ ಚಿಕ್ಕದೆಂದು ನಾನೊಂದು ಹಿಡಿ ಹಾಕಿದೆ.

ತಣಿದ ಮೇಲೆ ಈಸ್ಟ್ ಬೆರೆಸಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿ ಉಗ್ರಾಣದ ಮೂಲೆಯಲ್ಲಿಟ್ಟೆವು. ಮೂರನೇ ದಿನಕ್ಕೆ ವಾಸನೆ ಓಣಿಗೆ ಬಿತ್ತು. ಪಕ್ಕದ ಮನೆಯಾಕೆ ಬಂದು ಏನಾದರೂ ಸತ್ತಿದೆಯೇ ಎಂದು ವಿಚಾರಿಸಿ ಹೋದಳು. ಹಾಲಿನವ ಸೀನಿದ. ಇವರು ಮಾತ್ರ ಅದೇ ಉಗ್ರಾಣದೊಳಗೆ ಹೋಗಿ, ಕೊಡದ ಪಕ್ಕದಲ್ಲೇ ನಿಂತು ಛತ್ರಿ ಹುಡುಕಿಕೊಂಡು ಹೊರಗೆ ಬಂದರು. ನಾನು, ಅತ್ತೆ ಸೆರಗು ಬಾಯಿಗಿಟ್ಟು ನಕ್ಕೆವು. ನಕ್ಕಾದ ಮೇಲೆ ಇಬ್ಬರಿಗೂ ಬೇಸರವಾಯಿತು.

ಮುಂದಿನ ವಾರ ಅದನ್ನು ಸೋಸಿ, ಚೂರು ಸಕ್ಕರೆ ಹಾಕಿ ಆರು ಶರಬತ್ತಿನ ಬಾಟಲಿಗಳಿಗೆ ತುಂಬಿ, ಮುಚ್ಚಳ ಬಿಗಿದೆ. ಒಳಗೆ ಗ್ಯಾಸು ಹುಟ್ಟುತ್ತದೆಂದು ಮಕ್ಕಳಿಗೆ ವರ್ಷಾ ವರ್ಷಾ ಕಲಿಸುವವಳು ನಾನೇ. ಆದರೂ ಬಿಗಿದೆ. ಸೋಮವಾರ ಇವರು ಕಚೇರಿಗೆ ಹೋದ ಮೇಲೆ ಮಠದ ಅಯ್ಯನವರು ಪ್ರಸಾದಕ್ಕೆ ಬಂದರು; ಅದಕ್ಕೆಂದೇ ನಾನು ಶಾಲೆಗೆ ರಜೆ ಹಾಕಿದ್ದೆ. ಪಾದಪೂಜೆ ಮುಗಿದು, ಹುಗ್ಗಿಯ ಮೊದಲ ತುತ್ತು ಅವರು ಬಾಯಿಗೆ ಒಯ್ಯುವಾಗ ಉಗ್ರಾಣದಲ್ಲಿ ಢಂ ಎಂದಿತು.

"ಏನಿಲ್ರಿ ಅಪ್ಪಾರ, ಹಪ್ಪಳದ ಡಬ್ಬಿ ಬಿತ್ತು" ಎಂದರು ಅತ್ತೆ.

ಇನ್ನೊಂದು ಢಂ.

"ಅದರ ಮುಚ್ಚಳ ಬಿತ್ತು."

ಅಷ್ಟರಲ್ಲಿ ಘಾಟು ಪಡಸಾಲೆಗೆ ಬಂತು. ಅಯ್ಯನವರು ಕೆಮ್ಮಿದರು, ಕಣ್ಣೊರೆಸಿಕೊಂಡರು, ನೀರು ಕುಡಿದರು. "ಹಪ್ಪಳಕ್ಕ ಖಾರ ಭಾಳ ಹಾಕೀರಿ, ಅವ್ವಾ" ಎಂದು ಹುಗ್ಗಿ ಮುಂದುವರಿಸಿದರು. ಅಯ್ಯನವರ ಮುಂದೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಅತ್ತೆ ಅಂದು ಸಂಜೆ ಲಿಂಗಪೂಜೆಗೆ ಎರಡು ಪಟ್ಟು ಹೊತ್ತು ಕೂತರು. ಎದ್ದ ಮೇಲೆ ನನಗೆ ಬೈದರು.

ಭಾನುವಾರ ಬಂತು. ಉಳಿದ ನಾಲ್ಕರಲ್ಲಿ ಒಂದು ಬಾಟಲಿಯನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಗಿಲಾಸಿಗೆ ಬಗ್ಗಿಸಿ ಕಟ್ಟೆಗೆ ಒಯ್ದೆ. ನಾನು ಕೈಯಾರೆ ತಂದದ್ದು ಕಂಡು ಇವರು ಗಾಬರಿಯಾದರು. "ಏನಿದು?" ಎಂದರು. "ಗ್ಯಾಸಿನ ಔಷಧರಿ" ಎಂದೆ. ನಕ್ಕರು, ಎಂಟು ತಿಂಗಳಲ್ಲಿ ಮೊದಲ ಸಲ. ಒಂದು ದೊಡ್ಡ ಗುಟುಕು ಎಳೆದರು.

ಒಂದು ಗಳಿಗೆ ಏನೂ ಆಗಲಿಲ್ಲ. ಇದೂ ಹೋಯಿತು ಎಂದುಕೊಂಡೆ. ಆಮೇಲೆ ಕಿವಿ ಕೆಂಪಾದವು. ಬಿಕ್ಕಳಿಕೆ ಬಂತು. ಎದ್ದು ನಿಂತರು, ಕೂತರು, ಮತ್ತೆ ಎದ್ದು ಕರಿಬೇವಿನ ಗಿಡವನ್ನು ಎರಡು ಸುತ್ತು ಹಾಕಿದರು. ನಳದ ಕೆಳಗೆ ಬಾಯಿ ಹಿಡಿದು ಬಂದು ಕೂಗಿದರು:

"ಯಾವ ಪುಣ್ಯಾತ್ಮ ಮಾಡ್ಯಾನ ಇದನ್ನ? ಇದು ಬಿಯರಾ? ಖಾರದ ಗಿರಣಿ ತೊಳೆದ ನೀರು! ಕಾಯಿ ನಿಮ್ಮ ಕೊಡ್ಲಿವೇ ಇರಬೇಕು. ಮನಷ್ಯಾರು ಕುಡಿಯಂಗ ಅದ ಏನು ಇದು?"

"ಬೈಲಿಕತ್ತಾನೇನು?" ಒಳಗಿನಿಂದ ಅತ್ತೆಯ ಧ್ವನಿ.

"ಭಾಳ ಬೈಲಿಕತ್ತಾರ್ರಿ ಅತ್ತಿ!"

ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರಿತ್ತು. ನನ್ನ ಮುಖ ನೋಡಿ ಇವರು ಬೈಯುವುದನ್ನು ನಿಲ್ಲಿಸಿದರು. ಹೀಗ್ಯಾಕೆ ಮಾಡಿದೆ ಎಂದು ಕೇಳಿದರು. ನೀವು ಎಂಟು ತಿಂಗಳಿಂದ ನನ್ನ ಅಡುಗೆಗೆ ಹೆಸರಿಟ್ಟಿಲ್ಲ, ಈ ಮನೆಯಲ್ಲಿ ನಾನು ಯಾರಿಗೂ ಬೇಡವಾದೆನೇನೋ ಅನಿಸಿಬಿಟ್ಟಿತ್ತು ಎಂದು ಹೇಳಿದೆ.

ಇವರು ಬಿಕ್ಕಳಿಕೆಗೆ ಒಂದು ಗುಟುಕು ನೀರು ಕುಡಿದರು. "ಬಾಯಿಗಿ ಮಣ್ಣು, ಅನ್ನ ಎರಡೂ ಒಂದೇ ಆಗ್ಯಾವ" ಎಂದರು. "ಗೊತ್ತಾಗಲಾರದಾಗ ನಿನ್ನ ಅಡಿಗಿಗಿ ಹೆಸರಿಡೋದು ಅನ್ಯಾಯ ಅಂತ ಸುಮ್ಮಕಿದ್ದೆ. ಖಾರ ಹತ್ತ್ಯಾದ, ಖರೇ. ರುಚಿ ಬಂದಿಲ್ಲ."

"ರುಚಿ ಬರ್ಲಿಲ್ಲಂದ್ರೂ ಹೆಸರಿಡ್ರಿ" ಎಂದೆ.

ಗಿಲಾಸಿನಲ್ಲಿ ಉಳಿದದ್ದನ್ನು ಅವರು ಚೆಲ್ಲಲಿಲ್ಲ. ಒಂದೊಂದೇ ಹನಿ ನಾಲಿಗೆಗೆ ಮುಟ್ಟಿಸುತ್ತ, ಒಂದೊಂದಕ್ಕೂ ಬೈಯುತ್ತ ಮುಗಿಸಿದರು.

ಸಂಜೆ ಮೂವರೂ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ. ಇವರು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಹುಬ್ಬು ಗಂಟು ಹಾಕಿದರು. ಹಳೆಯ ಗತ್ತಿನಲ್ಲಿ ಗಂಗಾಳವನ್ನು ಒಂದು ಬೆರಳಷ್ಟು ಮುಂದಕ್ಕೆ ಸರಿಸಿದರು.

"ಪಲ್ಯಕ್ಕ ಉಪ್ಪು ಭಾಳ ಆಗ್ಯಾದ."

ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. ನಾನೂ ರುಚಿ ನೋಡಿದೆ. ಮಧ್ಯಾಹ್ನದ ಗದ್ದಲದಲ್ಲಿ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದೆ.

"ಹೌದ್ರಿ, ಭಾಳ ಆಗ್ಯಾದ" ಎಂದೆ. "ನಾಳಿ ಕಮ್ಮಿ ಹಾಕ್ತೀನಿ."