ನರ್ಸಮ್ಮನ ಊಟಿ ಮರ, ದೊಡ್ಡಬೀರಯ್ಯನ ಗುಂಡಿ

"ನಾನು ನೆಟ್ಟ ಗಿಡ ಸಾಯ್ಬೇಕು ಅಂದ್ರೆ ಮೊದ್ಲು ನನ್ ಪರ್ಮಿಷನ್ ಕೇಳ್ಬೇಕು ಕಣ್ಲಾ," ಎಂದು ದೊಡ್ಡಬೀರಯ್ಯ ಗುಂಡ್ಲುಪೇಟೆಯ ಟೀ ಅಂಗಡಿಯಲ್ಲಿ ಬಾಮೈದ ಮಾದಣ್ಣನಿಗೆ ಹೇಳಿದ. "ಇಲ್ಲೀಗಂಟ ಯಾವ್ದೂ ಕೇಳಿಲ್ಲ."

ಪೂರ್ತಿ ಸುಳ್ಳೇನಲ್ಲ. ಹರವೆಯಿಂದ ಗುಂಡ್ಲುಪೇಟೆವರೆಗೆ ತೆಂಗಿನ ಸಸಿ ನೆಡಬೇಕೆಂದರೆ ಜನ ಅವನನ್ನೇ ಕರೆಯುತ್ತಿದ್ದರು. ಅವನು ತೋಡಿದ ಗುಂಡಿಯ ಗೋಡೆ ಎಷ್ಟು ನುಣುಪಾಗಿರುತ್ತಿತ್ತೆಂದರೆ, ಅದರಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದಿತ್ತು.

ಈ ಸಲ ಕರೆದವರು ಗಂಗಾಂಬಿಕೆ, ರಿಟೈರಾದ ನರ್ಸು. ನೆಡಬೇಕಾದದ್ದು ಅವರು ಯಾವ ಕಾಲದಲ್ಲೋ ಊಟಿಯಿಂದ ಅಂಗೈಯಲ್ಲಿಟ್ಟುಕೊಂಡು ತಂದಿದ್ದ ಕ್ರಿಸ್‌ಮಸ್ ಗಿಡ. ವರ್ಗವಾದಾಗಲೆಲ್ಲ ಅದೂ ಲಾರಿ ಹತ್ತಿ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಕುಂಡದಿಂದ ಕುಂಡಕ್ಕೆ ಬದಲಾಗುತ್ತ, ಈಗ ನೀಲಿ ಡ್ರಮ್ಮಿನಲ್ಲಿ ಆಳೆತ್ತರ ಮೀರಿ ನಿಂತಿತ್ತು. ಬೆಕ್ಕು ಸಾಕಬಾರದು ಎಂದಿದ್ದ ಮನೆ ಮಾಲೀಕರಿಗೆ ಮರ ಸಾಕಬಾರದು ಎನ್ನಲು ತೋಚಿರಲಿಲ್ಲ. ಅಂತೂ ಈಗ ಸ್ವಂತ ಮನೆಯಾಗಿತ್ತು, ಮುಂದೆ ಒಂದಿಷ್ಟು ನೆಲವಿತ್ತು.

ನೆಲವೋ ಎರೆಮಣ್ಣು. ಬೇಸಗೆಯಲ್ಲಿ ಬಿರುಕಿಗೆ ಬಿದ್ದ ಮೇಕೆಮರಿ ಕೇರಳದಲ್ಲಿ ಎದ್ದುಬರುವಂಥದ್ದು. ಮಳೆಗಾಲದಲ್ಲಿ ಅದು ಚಪ್ಪಲಿಗೆ ಮೆತ್ತಿಕೊಂಡು ಆ ಬಡಾವಣೆಯ ಜನ ಮನೆ ಸೇರುವಷ್ಟರಲ್ಲಿ ಗೇಣುದ್ದ ಬೆಳೆದಿರುತ್ತಿದ್ದರು.

ಬೀರಯ್ಯ ಕೂಲಿ ಬೇಡವೆಂದ. ಅವನ ಮಗಳು ಭವ್ಯ ಹುಟ್ಟುವಾಗ ತಾಯಿ ಮಗು ಇಬ್ಬರೂ ಉಳಿಯುವಂತಿರಲಿಲ್ಲ. ಡ್ಯೂಟಿ ಮುಗಿದಿದ್ದರೂ ಮನೆಗೆ ಹೋಗದೆ ಅವನ ಹೆಂಡತಿ ಪುಟ್ಟಮಲ್ಲಮ್ಮನ ಕೈ ಹಿಡಿದು ನಿಂತವರು ಈ ಗಂಗಾಂಬಿಕೆ. ಆಮೇಲೆ ಅವನು ಕುಂಬಳಕಾಯಿ ಕೊಟ್ಟು ನೋಡಿದ, ಹುರುಳಿ ಕೊಟ್ಟು ನೋಡಿದ. ಮನಸ್ಸಿನ ಭಾರ ಇಳಿದಿರಲಿಲ್ಲ. ಈ ಮರ ಬೇರು ಬಿಟ್ಟರೆ ಇಳಿದೀತು.

ತೆಂಗಿಗೆ ತೋಡುವ ಹಾಗೆ ಎದೆಮಟ್ಟ ತೋಡಿದ. ಡ್ರಮ್ಮು ಸೀಳಿ ತೆಗೆದು, ಮಾದಣ್ಣನೂ ಅವನೂ ಸೇರಿ ಮರವನ್ನು ತಳದಲ್ಲಿ ಕೂರಿಸಿದರು.

"ಇಷ್ಟು ಆಳ ಬೇಕಾ ಬೀರಯ್ಯ?" ಎಂದರು ಗಂಗಾಂಬಿಕೆ.

"ತೆಂಗಿನ ಸಸಿನ ಇಂಗೇ ನೆಡೋದು ಕಣಮ್ಮ. ಬೆಳೀತಾ ಬೆಳೀತಾ ಗುಂಡಿ ಮುಚ್ಕಂಡು ಓಯ್ತದೆ."

ಮಳೆ ಹಿಡಿಯಿತು. ನುಣುಪು ಗೋಡೆಯ ಗುಂಡಿ ಒಂದು ತೊಟ್ಟನ್ನೂ ಬಿಟ್ಟುಕೊಡಲಿಲ್ಲ. ತಾಲ್ಲೂಕಿನ ಕಪ್ಪೆಗಳೆಲ್ಲ ಅಲ್ಲಿಗೇ ವರ್ಗ ಮಾಡಿಸಿಕೊಂಡು ಬಂದವು. ಮರದ ಕೆಳಗಿನ ಕೊಂಬೆಗಳು ಹಳದಿಯಾಗಿ ಜೋತುಬಿದ್ದವು. ಬೀರಯ್ಯ ನೋಡಲು ಹೋದರೆ ಗಂಗಾಂಬಿಕೆ ಎಂದಿನಂತೆ ಕಾಫಿ ತಂದುಕೊಟ್ಟರು. ಬೈದಿದ್ದರೇ ವಾಸಿಯಿತ್ತು.

"ನಿನ್ ಪರ್ಮಿಷನ್ ಕೇಳ್ತಾ?" ಎಂದ ಮಾದಣ್ಣ ದಾರಿಯಲ್ಲಿ.

"ಮುಚ್ಕಂಡು ಬಾರ್ಲಾ."

ಮನೆಯಲ್ಲಿ ಪುಟ್ಟಮಲ್ಲಮ್ಮ ವಿಷಯ ಕೇಳಿಸಿಕೊಂಡು ನಕ್ಕಳು. "ಅಲ್ಲ ಕಣಯ್ಯ, ಎರೆ ಒಲದಲ್ಲಿ ಅರಿಶಿನನ ಮಣ್ ದಿಂಡು ಏರ್ಸಿ ಯಾಕ್ ನೆಡ್ತೀವಿ? ನೀರು ನಿಂತ್ರೆ ಕೊಳೀತದೆ ಅಂತ. ಆ ಮರಕ್ಕೇನು ಮೂಗಿಲ್ವಾ, ಉಸ್ರಾಡಕೆ?"

"ನಿಂಗೇನು ಗೊತ್ತಾದದು ಊಟಿ ಮರದ ಇಸ್ಯ," ಎಂದು ಬೀರಯ್ಯ ರೇಗಿದ. ಬೆಳಗ್ಗೆ ಎದ್ದವನೇ ಹಾರೆ, ಗುದ್ದಲಿ, ಕುಡುಗೋಲು, ಹಗ್ಗ ಹೊತ್ತು ಹೊರಟ. ಹೆಂಡತಿ ಹಿಂದೆಯೇ ಬರುತ್ತಿದ್ದುದು ಕಂಡರೂ ಬೇಡವೆನ್ನಲಿಲ್ಲ.

ನೀರು ಮೊಗೆದು, ಗಂಡ ಹೆಂಡತಿ, ಗಂಗಾಂಬಿಕೆ ಮೂವರೂ ಹಗ್ಗ ಹಾಕಿ ಮರವನ್ನು ಎತ್ತಿದರು. ಡ್ರಮ್ಮು ಹೋದರೂ ಬೇರುಗಳು ಡ್ರಮ್ಮಿನ ಆಕಾರವನ್ನೇ ಬಿಟ್ಟಿರಲಿಲ್ಲ. ಸಿಂಬೆ ಸುತ್ತಿದ ಹಾಗೆ ಸುತ್ತಿಕೊಂಡು ಕೂತಿದ್ದವು. ಕಪ್ಪಗೆ ಕೊಳೆತವೂ ಇದ್ದವು. ಕತ್ತರಿಸದೆ ವಿಧಿಯಿರಲಿಲ್ಲ. ಬೀರಯ್ಯ ಕುಡುಗೋಲು ಎತ್ತಿ, ಮತ್ತೆ ಇಳಿಸಿದ.

"ನನ್ ಕೈಲಾಗಲ್ಲ ಕಣಮ್ಮ. ಆಗ್ಲೇ ಒಂದ್ಸಲ ಕೆಡಿಸ್ಬುಟ್ಟಿವ್ನಿ."

"ಕೊಡಿ ಇಲ್ಲಿ," ಎಂದು ಗಂಗಾಂಬಿಕೆ ಸೆರಗು ಸಿಕ್ಕಿಸಿದರು. ಎಷ್ಟೋ ಹೊಕ್ಕುಳಬಳ್ಳಿ ಕತ್ತರಿಸಿದ ಕೈ. ಕೊಳೆತದ್ದನ್ನು ಕೊಯ್ದು, ಸುತ್ತಿಕೊಂಡದ್ದನ್ನು ಅಲ್ಲಲ್ಲಿ ಸೀಳಿ, ಉಳಿದದ್ದನ್ನು ಬಿಡಿಸಿ ಹರಡಿದರು. ಬೀರಯ್ಯ ತನ್ನ ನುಣುಪು ಗೋಡೆಯನ್ನು ಹಾರೆಯಿಂದ ತಾನೇ ಒಡೆದು, ಗುಂಡಿಯನ್ನು ಅದೇ ಮಣ್ಣಿನಿಂದ ತುಂಬಿ ತುಳಿದು ಗಟ್ಟಿಮಾಡಿದ. ಪುಟ್ಟಮಲ್ಲಮ್ಮ ಹೇಳಿದಷ್ಟು ಎತ್ತರಕ್ಕೆ ಅಗಲವಾದ ದಿಬ್ಬ ಏರಿಸಿ, ಬೇರಿನ ಬುಡ ನೆಲಕ್ಕಿಂತ ಮೇಲಿರುವಂತೆ ಮರ ಕೂರಿಸಿದರು. ಮೇಲೆ ರಾಗಿಹುಲ್ಲು ಹೊದಿಸಿ, ಗಾಳಿಗೆ ವಾಲದಂತೆ ಮೂರು ಕಡೆ ಹಗ್ಗ ಬಿಗಿದರು.

ಆ ಮಳೆಗಾಲವೆಲ್ಲ ಬೀರಯ್ಯ ದಿಬ್ಬದ ಸುತ್ತ ಎಷ್ಟು ಸುತ್ತಿದನೆಂದರೆ, ಅಷ್ಟು ನಡಿಗೆಯಲ್ಲಿ ಕಾಶಿ ಮುಟ್ಟಿ ವಾಪಸು ಬರಬಹುದಿತ್ತು. ಕೆಳಗಿನ ಎರಡು ಸುತ್ತು ಕೊಂಬೆ ಉದುರಿದವು. ಮೇಲಿನವು ನಿಂತವು. ಮರುವರ್ಷದ ಮುಂಗಾರಿಗೆ ತುದಿಯಲ್ಲಿ ಎಳೆಹಸುರಿನ ಹೊಸ ಸುತ್ತೊಂದು ಬಿಚ್ಚಿಕೊಂಡಿತು.

ಗಂಗಾಂಬಿಕೆ ಹೇಳಿಕಳಿಸಿದರು. ಗಂಡ ಹೆಂಡತಿ ಬಂದು ನೋಡಿದರು.

"ನನ್ನ ಜೀವಮಾನದ ಜೊತೆಗಾರ ಇದು," ಎಂದರು ಗಂಗಾಂಬಿಕೆ ಕಣ್ಣೊರೆಸಿಕೊಂಡು. "ಉಳಿಸಿಕೊಟ್ರಿ. ನಿಮ್ಮಿಬ್ಬರ ಋಣ ಹೇಗೆ ತೀರಿಸ್ಲಿ ಬೀರಯ್ಯ?"

"ತೀರ್ಸಕ್ ಮಾತ್ರ ಓಗ್ಬ್ಯಾಡಿ ಕಣಮ್ಮ," ಎಂದ ಬೀರಯ್ಯ. "ನೀವು ತೀರ್ಸುದ್ರೆ ನಾನೂ ತೀರ್ಸ್ಬೇಕಾಯ್ತದೆ. ನನ್ ಮಗಳಿಗೆ ಸಮ ಮಾಡ್ಬೇಕು ಅಂದ್ರೆ ಇಡೀ ಊಟಿನೇ ಕಿತ್ಕಂಡ್ ಬಂದು ಈ ಎರೆಮಣ್ಣಲ್ಲಿ ನೆಡ್ಬೇಕು. ನನ್ ಸೊಂಟ ತಡಿಯಾಕಿಲ್ಲ."