ಮೂಗಿನಲ್ಲಿ ಹಾಡುತ್ತಿದ್ದ ಗಿಟಾರ್

ಲೌಟೋಕಾ ಪಟ್ಟಣದಲ್ಲಿ ಕಬ್ಬಿನ ರೈಲು ಹಾದುಹೋಗುವ ರಸ್ತೆಯ ಪಕ್ಕ ಎರೋನಿಯ ರಿಪೇರಿ ಅಂಗಡಿ. ಫ್ಯಾನು, ರೇಡಿಯೋ, ಟೇಪ್ ರೆಕಾರ್ಡರ್, ಚರ್ಚಿನ ಸ್ಪೀಕರು, ಏನು ತಂದುಕೊಟ್ಟರೂ ಬೇಡ ಎನ್ನುವವನಲ್ಲ. ಎರೋನಿಯ ಬೆಸುಗೆ ಎಂದರೆ ಬೆಸುಗೆ ಎಂದು ಊರೇ ಹೇಳುತ್ತಿತ್ತು. ಆ ಮಾತು ಅವನ ಕಿವಿಗೂ ಬಿದ್ದಿತ್ತು, ಕೇಡಾದದ್ದು ಅಲ್ಲೇ. ಬೇರೆಯವರ ಕೆಲಸ ಕಂಡರೆ ಅವನಿಗೆ ಮೈಯೆಲ್ಲ ಉರಿ. "ಯಾವ ಕತ್ತೆ ಮಾಡಿದ್ದು ಇದನ್ನ?" ಎನ್ನದೆ ಒಂದು ಡಬ್ಬಿಯನ್ನೂ ಬಿಚ್ಚಿದವನಲ್ಲ.

ಅಸಾಯೇಲಿ ಅವನ ಗೆಳೆಯ. ಗೆಳೆಯ ಎನ್ನುವುದಕ್ಕಿಂತ ಅವನ ತೌ. ಎರೋನಿಯದು ಗುಡ್ಡದ ಮೇಲಿನ ಹಳ್ಳಿ, ಅಸಾಯೇಲಿಯದು ದ್ವೀಪ. ಎರಡೂ ಊರಿಗೆ ಹಿಂದೆ ಎಂದೋ ದೇವರು ಒಬ್ಬನೇ ಆಗಿದ್ದನಂತೆ. ಅಂಥ ಊರಿನವರು ಒಬ್ಬರಿಗೊಬ್ಬರು ತೌ. ಭಾವ ಮೈದುನರ ಕುಚೋದ್ಯ ಇದರ ಮುಂದೆ ಏನೂ ಅಲ್ಲ. ತೌ ಏನು ಬೈದರೂ ಬೈಸಿಕೊಂಡವನು ನಗಬೇಕು. ಮುಖ ಗಂಟಿಕ್ಕಿದರೆ ಅವನ ಊರಿಗೇ ಅವಮಾನ.

"ಏ ಬಾವಲಿ ತಿನ್ನೋನೇ, ಬದುಕಿದ್ದೀಯಾ?" ಎಂದು ಕೂಗುತ್ತಲೇ ಅಸಾಯೇಲಿ ಅಂಗಡಿಗೆ ಬರುವುದು.

"ನಿಮ್ಮೂರ ಮುದುಕೀರನ್ನ ಶಾರ್ಕ್ ಕೂಡ ಉಗಿದು ಹೋಗುತ್ತಂತೆ, ಅವರೇ ಬದುಕಿರೋವಾಗ ನಾನ್ಯಾಕೋ ಸಾಯ್ಲಿ?" ಎಂದು ಎರೋನಿ ತಲೆ ಎತ್ತದೆಯೇ ಹೇಳುವುದು.

ಒಂದು ಸಲ ಅಸಾಯೇಲಿ ತಂದದ್ದು ತನ್ನ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು. ಜಪಾನಿನ ಹಳೇ ಮಾಲು, ಇಬ್ಬರೂ ಹುಡುಗರಾಗಿದ್ದಾಗಿನದು. ಈ ಕಡೆಯ ಮದುವೆಗಳೆಲ್ಲ ಅದರ ಸದ್ದಿಗೇ ಕುಣಿದಿದ್ದವು. ಉಪ್ಪುಗಾಳಿಗೆ ಒಳಗಿನ ತಂತಿಗಳು ಹಸಿರುಗಟ್ಟಿ, ನುಡಿಸುವಾಗ ಗರಗರ ಎನ್ನುತ್ತಿತ್ತು.

ಎರೋನಿ ಬಿಚ್ಚಿ ನೋಡಿದ. ಮೀಟುವ ತಂತಿಯ ಕಂಪನ ಹಿಡಿಯುವ ಪಿಕಪ್ಪುಗಳು ಎರಡು. ಒಂದರ ಒಳಗಿನ ಎರಡು ವಿದ್ಯುತ್ ತಂತಿಗಳು ಅದಲುಬದಲಾಗಿ ಕೂತಿದ್ದವು. "ಯಾವ ಕುಡುಕ ಬೆಸೆದಿದ್ದಪ್ಪಾ ಇದನ್ನ?" ಎಂದು ನಕ್ಕ. ಹಳೆಯದನ್ನೆಲ್ಲ ಕಿತ್ತು, ಹೊಸ ತಂತಿ ಎಳೆದು, ಪುಸ್ತಕದಲ್ಲಿದ್ದಂತೆಯೇ ಬೆಸೆದ. ಗರಗರ ಮಾಯವಾಯಿತು.

ಎರಡು ದಿನಕ್ಕೆ ಅಸಾಯೇಲಿ ವಾಪಸು ಬಂದ. "ಸದ್ದು ದಪ್ಪ ಆಗಿಬಿಟ್ಟಿದೆ ಕಣೋ. ನಂದು ಮೂಗಿನಲ್ಲಿ ಹಾಡ್ತಿತ್ತು."

"ನೆಗಡಿ ವಾಸಿ ಮಾಡಿದ್ದೀನಿ, ಉಪಕಾರ ಅನ್ನು," ಎಂದ ಎರೋನಿ. ಆದರೂ ಕೆಪಾಸಿಟರ್ ಬದಲಿಸಿಕೊಟ್ಟ. ಮುಂದಿನ ವಾರ ಅಸಾಯೇಲಿ ಮತ್ತೆ ಬಂದ. ಈ ಸಲ ಎರೋನಿ ಪಿಕಪ್ಪುಗಳನ್ನು ತಂತಿಯಿಂದ ಸ್ವಲ್ಪ ಕೆಳಗಿಳಿಸಿದ, ಟೋನಿನ ಗುಂಡಿ ತೊಳೆದ, ಮೀಟುವ ತಂತಿಗಳನ್ನೂ ಹೊಸದಾಗಿ ಕಟ್ಟಿದ. ಮೀಟರ್ ಇಟ್ಟು ನೋಡಿದರೆ ಎಲ್ಲ ಲೆಕ್ಕವೂ ಸರಿ.

ಮೂರನೆಯ ಸಲ ಅವನು ಬಂದದ್ದು ಸಂಜೆ, ಅಂಗಡಿಯ ಜಗಲಿಯಲ್ಲಿ ಯಂಗೋನದ ಬೋಗುಣಿಯ ಸುತ್ತ ಗಂಡಸರೆಲ್ಲ ಕೂತಿದ್ದಾಗ. ಬೇರು ಕುಟ್ಟಿ ಕಲಸಿದ ಆ ಕಂದು ನೀರು ಚಿಪ್ಪಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು.

"ಇನ್ನೂ ಸರಿಹೋಗಿಲ್ಲ ತೌ," ಎಂದ ಅಸಾಯೇಲಿ. ಬೈಗುಳ ಇಲ್ಲದೆ, ಮೆಲ್ಲಗೆ. "ಎರಡೂ ಪಿಕಪ್ ಒಟ್ಟಿಗೆ ಹಾಕ್ದಾಗ ನಂದಲ್ಲದ ಸದ್ದು ಬರುತ್ತೆ."

ಎರೋನಿಗೆ ಆಗ ಆ ಅದಲುಬದಲು ತಂತಿ ನೆನಪಾಯಿತು. ಆಗಲೇ ನೆನಪಾಯಿತು ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಒಪ್ಪಿಕೊಂಡರೆ ಇಷ್ಟು ಜನರ ಎದುರು ಮತ್ತೆ ಬಿಚ್ಚಬೇಕು, ಸರಿ ಮಾಡಿದ್ದನ್ನು ತನ್ನ ಕೈಯಾರೆ ಕೆಡಿಸಬೇಕು. ಅವನ ನಾಲಿಗೆ ಸುಲಭದ ದಾರಿ ಹಿಡಿಯಿತು.

"ಗಿಟಾರ್ ಗಟ್ಟಿಮುಟ್ಟಾಗಿದೆ. ಹಾಳಾಗಿರೋದು ನಿನ್ನ ಕಿವಿ. ಮುದುಕ ಆದೆ ಕಣೋ, ಕೆಪ್ಪ ಆದೆ. ಅದನ್ನ ಹೆಂಡ್ತಿ ಕೈಗೆ ಕೊಡು, ಮೀನು ಹುರಿಯೋಕೆ ಒಲೆಗೆ ಹಾಕ್ತಾಳೆ!"

ಜಗಲಿ ಬಿದ್ದು ಬಿದ್ದು ನಕ್ಕಿತು. ಅಸಾಯೇಲಿಯೂ ನಕ್ಕ. ತೌ ಅಲ್ಲವೇ, ನಗಲೇಬೇಕಿತ್ತು. ಒಂದು ಚಿಪ್ಪು ಕುಡಿದು ಗಿಟಾರ್ ಎತ್ತಿಕೊಂಡು ಹೋದ.

ಆಮೇಲೆ ಅವನ ಸುಳಿವೇ ಇಲ್ಲ. ಬಾಗಿಲಲ್ಲಿ ಬೈಗುಳ ಕೇಳದೆ ಎರೋನಿಗೆ ಅಂಗಡಿ ಬಿಕೋ ಎನ್ನಿಸಿತು. ಸುದ್ದಿ ತಂದದ್ದು ಹೆಂಡತಿ ವಾಸೇವಾ, ಮಾರ್ಕೆಟ್ಟಿನಿಂದ.

"ಅಸಾಯೇಲಿ ಬ್ಯಾಂಡ್ ಬಿಟ್ನಂತೆ ಕಣ್ರೀ. ಅವನ ಹೆಂಡ್ತಿ ಕಣ್ಣಲ್ಲಿ ನೀರು ಹಾಕ್ಕೊಂಡ್ಳು. ಕಿವಿ ಹೋಯ್ತು ಅಂತಾನಂತೆ. ಚರ್ಚಲ್ಲೂ ಹಾಡಲ್ವಂತೆ, ಶ್ರುತಿ ತಪ್ಪಿದ್ರೆ ಗೊತ್ತಾಗಲ್ಲ ಅಂತ ಭಯ."

"ತಮಾಷೆಗೆ ಅಂದಿದ್ದಪ್ಪ," ಎಂದ ಎರೋನಿ.

"ಅವನು ತಮಾಷೆ ಅಂದ್ಕೊಂಡ್ನಾ?"

ಎರೋನಿ ಕೆಲಸಕ್ಕೆ ಕೂತ. ಯಾರದೋ ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟ್ ಹಾಕಿದ್ದ. ಪರೀಕ್ಷೆಗೆಂದು ಅವನ ಹತ್ತಿರ ಮೊದಲಿನಿಂದಲೂ ಇದ್ದದ್ದು ಒಂದೇ ಕ್ಯಾಸೆಟ್ಟು, ಅಸಾಯೇಲಿಯ ಬ್ಯಾಂಡಿನದು, ಯಾವುದೋ ಮದುವೆಯಲ್ಲಿ ಹಿಡಿದದ್ದು. ವರ್ಷಗಟ್ಟಲೆ ಅದನ್ನು ಹಾಕಿದ್ದಾನೆ. ಮೋಟಾರು ಒಂದೇ ವೇಗದಲ್ಲಿ ತಿರುಗುತ್ತಿದೆಯೇ ಎಂದು ಮಾತ್ರ ಕೇಳಿದ್ದಾನೆ. ಹಾಡನ್ನು ಕೇಳಿದವನಲ್ಲ.

ಆ ದಿನ ಕೇಳಿದ. ಡೋಲು, ಜನರ ಕೂಗು, ಅವುಗಳ ನಡುವೆ ತೆಳ್ಳಗೆ, ಟೊಳ್ಳಾಗಿ, ಮೂಗಿನಲ್ಲಿ ಹಾಡುವ ಗಿಟಾರ್. ಒಂದು ಪಿಕಪ್ ತಿರುಗುಮುರುಗಾಗಿದ್ದರೆ ಮಾತ್ರ ಬರುವ ಸದ್ದು. ಎರಡೂ ಸೇರಿದಾಗ ಒಂದರ ದಪ್ಪವನ್ನು ಇನ್ನೊಂದು ನುಂಗಿ ಉಳಿಯುವ ಸಿಪ್ಪೆಯಂಥ ಸದ್ದು. ಯಾವನೋ ಕುಡುಕನ ತಪ್ಪೇ ಇರಬಹುದು. ಆದರೆ ಅಸಾಯೇಲಿ ಅದರ ಮೇಲೆ ಒಂದು ಜೀವಮಾನದ ಹಾಡು ಕಟ್ಟಿದ್ದ, ಅವನ ಕಿವಿ ಅದರ ಕೂದಲೆಳೆಯನ್ನೂ ಬಲ್ಲದು. ಎರೋನಿಗೆ ತನ್ನ ಮುಖ ತನಗೇ ಬೇಡವಾಯಿತು. ಟೇಪ್ ಮುಗಿದು ಟಕ್ಕೆಂದು ನಿಂತರೂ ಕೂತೇ ಇದ್ದ.

ಮರುದಿನ ಬೆಳಿಗ್ಗೆ ಬೆಸುಗೆಯ ಸಾಮಾನು ಚೀಲಕ್ಕೆ ಹಾಕಿ, ಒಂದು ಕಟ್ಟು ಯಂಗೋನ ಬೇರನ್ನು ಪೇಪರಿನಲ್ಲಿ ಸುತ್ತಿಕೊಂಡ. ತಪ್ಪೊಪ್ಪಿಗೆಗೆ ಹೋಗುವವರು ಅದನ್ನು ಒಯ್ಯಬೇಕು.

"ತೌ ಹತ್ರ ಯಾರಾದ್ರೂ ತಪ್ಪೊಪ್ಪಿಗೆ ಮಾಡ್ತಾರೇನ್ರೀ?" ಎಂದಳು ವಾಸೇವಾ. "ಆ ಬೇರನ್ನ ನಿಮ್ಮ ತಲೆ ಮೇಲೇ ಎಸೀತಾನೆ, ಓಣಿಗೆಲ್ಲ ಕೇಳೋ ಹಾಗೆ ಬೈತಾನೆ."

"ಎಸೀಲಿ," ಎಂದ. ಮನಸ್ಸಿನಲ್ಲಿ ಅವನು ಬೇಡಿಕೊಳ್ಳುತ್ತಿದ್ದದ್ದೂ ಅದನ್ನೇ.

ಅಸಾಯೇಲಿ ಜಗಲಿಯಲ್ಲಿ ಮರಗೆಣಸು ಸುಲಿಯುತ್ತಿದ್ದ. ಎರೋನಿ ಗಿಟಾರ್ ಕೇಳಿದ. ಅವನು ಕೊಟ್ಟ. ಎರೋನಿ ಅದನ್ನು ಚಾಪೆಯ ಮೇಲೆ ಬಿಚ್ಚಿ, ಎರಡು ತಂತಿಗಳನ್ನು ಕರಗಿಸಿ ತೆಗೆದು, ಅದಲುಬದಲು ಮಾಡಿ ಮತ್ತೆ ಬೆಸೆದ. ಆ ಬೆಸುಗೆ ಮಾತ್ರ ವಕ್ರವಾಯಿತು.

"ನುಡಿಸು."

ಅಸಾಯೇಲಿ ಗಿಟಾರನ್ನು ಸ್ಪೀಕರಿಗೆ ಸಿಕ್ಕಿಸಿ, ಎರಡೂ ಪಿಕಪ್ ಸೇರುವಂತೆ ಸ್ವಿಚ್ಚನ್ನು ಮಧ್ಯಕ್ಕೆ ತಂದು ಮೀಟಿದ. ಮೂಗಿನ ಹಾಡು ಓಣಿಯ ತುದಿಯವರೆಗೆ ಹೋಯಿತು. ಒಳಗೆ ಅವನ ಹೆಂಡತಿಯ ಕೈಯಿಂದ ಪಾತ್ರೆ ಜಾರಿದ ಸದ್ದು ಕೇಳಿತು. ಅವನು ಮೀಟುವುದನ್ನು ನಿಲ್ಲಿಸಿ, ಎಡಗಿವಿಯನ್ನು ಬೆರಳಿನಿಂದ ಮುಟ್ಟಿಕೊಂಡ, ಆಮೇಲೆ ಬಲಗಿವಿಯನ್ನು.

ಎರೋನಿ ಕಾಲು ಮಡಿಸಿ ಕೂತು ಬೇರಿನ ಕಟ್ಟನ್ನು ಮುಂದಿಟ್ಟ. "ತಂತಿ ತಿರುಗಿಸಿದ್ದು ನಾನೇ. ಆ ಸಂಜೆ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಕಿವಿ ಮೇಲೆ ಹಾಕಿದೆ. ತಪ್ಪು ನಂದು," ಎಂದು ತಲೆ ತಗ್ಗಿಸಿದ. ಈಗ ಬೀಳುತ್ತದೆ ಏಟು, ಈಗ ಬರುತ್ತದೆ ಬಾವಲಿ, ಹಂದಿ, ಇಡೀ ಗುಡ್ಡದ ಜಾತಕ ಎಂದು ಕಾದ.

ಅಸಾಯೇಲಿ ಗಿಟಾರನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕೂತ. ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಪರವೂರಿನ ಅತಿಥಿ ತಂದದ್ದನ್ನು ಸ್ವೀಕರಿಸುವ ಹಾಗೆ, ಅಂಗೈ ಬೊಗಸೆ ಮಾಡಿ, ಕ್ರಮ ತಪ್ಪದೆ ಚಪ್ಪಾಳೆ ತಟ್ಟಿದ.

"ತಪ್ಪೊಪ್ಪಿಗೆ ಮುಟ್ಟಿತು, ಎರೋನಿಯವರೇ," ಎಂದ. "ದೊಡ್ಡ ಉಪಕಾರ ಮಾಡಿದ್ರಿ. ಬಿಸಿಲು ಏರ್ತಿದೆ, ನೋಡ್ಕೊಂಡು ಹೋಗಿ."

ಎರೋನಿ ಗೇಟಿನ ಹತ್ತಿರ ಬಂದು ಚಪ್ಪಲಿಯ ಬಾರು ಸರಿಮಾಡುವ ನೆಪದಲ್ಲಿ ಬಗ್ಗಿದ. ಬೆನ್ನ ಹಿಂದೆ ಗಿಟಾರ್ ಮತ್ತೆ ಶುರುವಾಯಿತು. ಬೈಗುಳ ಬರಲಿಲ್ಲ.