ಮುಳ್ಳು ಮೂವತ್ತಮೂರರ ಮೇಲೆಯೇ ಇತ್ತು

ಗಿರಿಜಾ, ಆ ಗುರುವಾರ ಮುಂಜಾನೆ ನೀನು ಕಾರಿನ ಟಯರುಗಳ ಗಾಳಿಯನ್ನು ಸರಿಯಾಗಿಯೇ ನೋಡಿದ್ದೆ. ತಪ್ಪು ತೋರಿಸಿದ್ದು ಗೇಜು. ಅದು ತಪ್ಪು ತೋರಿಸುತ್ತದೆ ಎಂಬುದು ಮೂರು ದಿನ ಮೊದಲೇ ನನಗೆ ಗೊತ್ತಿತ್ತು — ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಇದನ್ನು ಎದುರಿಗೆ ಕೂತು ಹೇಳಲು ಆರು ವರ್ಷದಿಂದ ನೋಡುತ್ತಿದ್ದೇನೆ, ಆಗುತ್ತಿಲ್ಲ. ನೀನು ಮಾರುಕಟ್ಟೆಗೆ ತರಕಾರಿ ತರಲು ಹೋಗಿದ್ದೀಯ. ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಮೊದಲಿಂದ ಹೇಳುತ್ತೇನೆ. ನಾವು ಕಾರು ತಂದ ಹೊಸದರಲ್ಲಿ, ಗಾಳಿಯನ್ನು ಮನೆಯಲ್ಲೇ ಹಾಕಿಕೊಳ್ಳೋಣ ಎಂದವಳು ನೀನು. ಪೆಟ್ರೋಲ್ ಪಂಪಿನಲ್ಲಿ ಸಾಲು ನಿಂತು, ಹಿಂದಿನವನ ಹಾರ್ನು ಕೇಳಿಸಿಕೊಂಡು, ಅವಸರದಲ್ಲಿ ಹಾಕಿಸಿಕೊಳ್ಳುವ ಗಾಳಿ ನಿನಗೆ ಬೇಡವಾಗಿತ್ತು. ಯಾವುದನ್ನು ತರಬೇಕು ಎಂಬುದನ್ನೂ ನೀನೇ ನೋಡಿಟ್ಟಿದ್ದೆ.

"ಬಾಜೂದವ್ರ ಕಡೆ ಸಣ್ಣ ಮಿಷನ್ ಅದರೀ. ಕಾರಿನಾಗ ಚುಚ್ಚಿ ನಂಬರ್ ಹಾಕಿದ್ರ ಅಷ್ಟಕ್ಕ ತಾನಽ ನಿಂದರತದ. ಅದನ್ನ ತರೂಣಲ್ರೀ."

ನಾನು ನಕ್ಕೆ. ಪುಣೆಯ ಹತ್ತಿರ ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸುವುದೇ ಆಗ ನನ್ನ ಕೆಲಸವಾಗಿತ್ತು. ಸರಿಯಿದ್ದ ಗೇಜಿಗೆ ಹಸಿರು ಚೀಟಿ, ತಪ್ಪಿದ್ದಕ್ಕೆ ಕೆಂಪು. ಕೆಂಪು ಚೀಟಿ ಬಿದ್ದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದೆವು, ಮ್ಯಾನೇಜರೇ ಬಂದು ಕೇಳಿದರೂ ತೆಗೆಯುತ್ತಿರಲಿಲ್ಲ. ಅಂಥವನು ತಾನೇ ನಿಲ್ಲುವ ಆಟಿಕೆಯಂಥ ಯಂತ್ರವನ್ನು ಹೇಗೆ ನಂಬಿಯಾನು? ಕಾಲಿನಿಂದ ಒತ್ತುವ ಪಂಪು ತಂದೆ. ಮುಳ್ಳಿನ ಗೇಜೊಂದನ್ನು ಕೊಂಡು, ಕಾರ್ಖಾನೆಯಲ್ಲಿ ಪರೀಕ್ಷಿಸಿ, ಹಸಿರು ಚೀಟಿ ಅಂಟಿಸಿ, ಏನೋ ಒಡವೆ ಕೊಡುವವನಂತೆ ನಿನ್ನ ಕೈಗಿಟ್ಟೆ.

ಪಂಪು ಒತ್ತುವವಳು ಮಾತ್ರ ನೀನೇ ಆದೆ. ಸೀರೆ ಎತ್ತಿ ಕಟ್ಟಿ ಒತ್ತುತ್ತಿದ್ದೆ, ಅವ್ವ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಣಿಸುತ್ತಿದ್ದಳು. ವಿಜಯಪುರದಿಂದ ನಮ್ಮ ಜೊತೆ ಇರಲು ಬಂದ ಮೇಲೆ ಅವ್ವನಿಗೆ ಪುಣೆಯಲ್ಲಿ ಹಿಡಿಸಿದ ಕೆಲಸ ಅದೊಂದೇ ಇರಬೇಕು. ನಡುವೆ ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡುವಳು. ನೀವಿಬ್ಬರೂ ನಗುತ್ತಿದ್ದಿರಿ.

ಆ ಕಾರು ನಿನ್ನ ಗುರುವಾರಗಳಿಗಾಗಿ ಇತ್ತು. ವಾರಕ್ಕೊಮ್ಮೆ ಭೋರಿಗೆ ಹೋಗಿ ಹದಿನಾಲ್ಕು ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅವ್ವ, ಡಿಕ್ಕಿಯಲ್ಲಿ ಎರಡು ಹೊಲಿಗೆ ಮಿಷನ್ನು, ಬಟ್ಟೆಯ ಗಂಟು. ರವಿಕೆಯ ತೋಳಿನಲ್ಲಿ ಕಾಲಿಂಚು ಹೆಚ್ಚುಕಡಿಮೆಯಾದರೆ ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಹೇಳುತ್ತಿದ್ದವಳು ನೀನು. ಅಂಥ ಕಣ್ಣಿನ ಮೇಲೆ ನಾನು —

ಇರಲಿ. ಸಾಲಾಗಿ ಹೇಳುತ್ತೇನೆ.

ಚಳಿ ಮುಗಿಯುತ್ತಿದ್ದ ಕಾಲ. ನನ್ನ ಸ್ಕೂಟರಿನ ಗಾಳಿ ನೋಡಿ ಗೇಜನ್ನು ಸೀಟಿನ ಮೇಲಿಟ್ಟಿದ್ದೆ, ಅದು ಜಾರಿ ಕಾಂಕ್ರೀಟಿನ ಮೇಲೆ ಬಿತ್ತು. ಗಾಜು ಒಡೆಯಲಿಲ್ಲ. ಒರೆಸಿ ಕಾರಿನ ಖಾನೆಯಲ್ಲಿಟ್ಟೆ. ಬಿದ್ದ ಗೇಜನ್ನು ಮತ್ತೆ ಪರೀಕ್ಷಿಸದೆ ಬಳಸಬಾರದು — ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ನಾನು ಹೇಳಿಕೊಡುತ್ತಿದ್ದ ಪಾಠ ಅದು. ಮನೆಯದಲ್ಲವೇ, ಏನಾಗುತ್ತದೆ ಎಂದುಕೊಂಡೆ. ಏನನ್ನೂ ಅಂದುಕೊಳ್ಳಲಿಲ್ಲ ಎಂದರೂ ನಡೆದೀತು.

ಎರಡು ತಿಂಗಳ ಮೇಲೆ, ಬಿಸಿಲು ಏರಿದ ಒಂದು ಭಾನುವಾರ, ನೀನು ಪೆಟ್ರೋಲ್ ಹಾಕಿಸಿಕೊಂಡು ಬಂದು ಊಟದ ಮನೆಯ ಬಾಗಿಲಲ್ಲಿ ನಿಂತೆ.

"ಪಂಪಿನ ಮೀಟರಿನ್ಯಾಗ ಇಪ್ಪತ್ತೈದ ತೋರಿಸ್ತುರೀ. ಮುಂಜಾನೆ ನಮ್ಮದರಾಗ ಮೂವತ್ತಮೂರ ಇತ್ತಲ್ಲ? ಅಲ್ಲೇ ತುಂಬಿಸ್ಕೊಂಡ ಬಂದೆ. ನಮ್ಮ ಗೇಜ್ ಏನರೆ ಕೆಟ್ಟದೇನು?"

ಅವ್ವ ಎದುರಿಗೇ ಊಟಕ್ಕೆ ಕೂತಿದ್ದಳು. ನಾನು ಅಂದದ್ದು ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. "ದಿನಾ ನೂರು ಮಂದಿ ಎಳದಾಡೋ ಮೀಟರ್ ನಂಬತಿ, ನನ್ನ ಹಸರ ಚೀಟಿ ನಂಬೂದಿಲ್ಲ?" ಅವ್ವ ನಕ್ಕಳು — "ಬಿಡವಾ, ಅವನ ಅನ್ನಾನಽ ಅದರಾಗ ಅದ." ನೀನೂ ನಕ್ಕೆ.

ಓಡಿ ಬಂದ ಟಯರಿನ ಗಾಳಿ ಬಿಸಿಯಾಗಿರುತ್ತದೆ. ಪಂಪಿನ ಮೀಟರು ಮುಂಜಾನೆಗಿಂತ ಹೆಚ್ಚು ತೋರಿಸಬೇಕು, ಕಡಿಮೆಯನ್ನಲ್ಲ. ಇದು ನನಗೆ ಆ ಕ್ಷಣದಲ್ಲೇ ಹೊಳೆಯಿತು, ಬಾಯಲ್ಲಿ ತುತ್ತು ಇದ್ದಾಗಲೇ. ಆದರೂ ಊಟವಾದ ಮೇಲೆ ನಿನ್ನನ್ನು ಕರೆದುಕೊಂಡು ಕೆಳಗಿಳಿದೆ. ನಮ್ಮ ಗೇಜು ನಲವತ್ತೊಂದು ತೋರಿಸಿತು. "ನೋಡು, ಎಷ್ಟ ತುಂಬ್ಯಾನ. ಬಿಡು ಗಾಳಿ" ಎಂದೆ. ನೀನು ಕುಕ್ಕರಗಾಲಿನಲ್ಲಿ ಕೂತು ನಾಲ್ಕೂ ಟಯರುಗಳಿಂದ ಗಾಳಿ ಬಿಟ್ಟೆ, ಮುಳ್ಳು ಮೂವತ್ತಮೂರಕ್ಕೆ ಇಳಿಯುವವರೆಗೆ. ಪಂಪಿನವನು ಸರಿಯಾಗಿ ತುಂಬಿಸಿದ್ದನ್ನು ನಾನು ನಿನ್ನ ಕೈಯಿಂದಲೇ ತೆಗೆಸಿದೆ.

ಸೋಮವಾರ ಗೇಜನ್ನು ಊಟದ ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಹೋದೆ. ಎಲ್ಲರೂ ಚಹಾಕ್ಕೆ ಹೋದಾಗ ಪರೀಕ್ಷಿಸಿದೆ. ನಿಜವಾದ ಒತ್ತಡ ಇಪ್ಪತ್ತೈದು ಇರುವಾಗ ನಮ್ಮ ಮುಳ್ಳು ಮೂವತ್ತಮೂರು ಹೇಳುತ್ತಿತ್ತು. ಎಂಟು ಪೌಂಡು. ಮೂರು ಸಲ ನೋಡಿದೆ. ಕೆಂಪು ಚೀಟಿಯ ಸುರುಳಿ ಕೈಯಳತೆಯಲ್ಲೇ ಇತ್ತು.

ಅಂಟಿಸಲಿಲ್ಲ. ಅದನ್ನು ಹಾಗೆಯೇ ಮನೆಗೆ ತಂದು, ಹಸಿರು ಚೀಟಿಯ ಸಮೇತ, ಕಾರಿನ ಖಾನೆಯಲ್ಲಿಟ್ಟೆ. ನೀನು ಹುಡುಕಬಾರದಲ್ಲ! ಶನಿವಾರ ಅಂಥದ್ದೇ ಹೊಸದನ್ನು ತಂದು ಸದ್ದಿಲ್ಲದೆ ಬದಲಿಸಿಬಿಡುವುದು ಎಂದು ಲೆಕ್ಕ ಹಾಕಿದ್ದೆ. ಗಿರಿಜಾ ಹೇಳಿದ್ದೇ ಸರಿ ಎಂದು ಅವ್ವನ ಮುಂದೆ ಒಪ್ಪಿಕೊಳ್ಳುವುದು ತಪ್ಪುತ್ತದಲ್ಲ — ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆ.

ಶನಿವಾರಕ್ಕೆ ಮೊದಲು ಗುರುವಾರ ಬಂತು.

ಭೋರಿನ ದಾರಿಯಲ್ಲಿ, ಕಾಪೂರಹೋಳ ದಾಟಿದ ಮೇಲೆ ಹಿಂದಿನ ಎಡ ಟಯರು ಸಿಡಿಯಿತು. ನೀನು ಕಾರನ್ನು ಹೇಗೋ ಹಿಡಿದು ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿದೆ. ಎದುರಿನಿಂದ ಲಾರಿ ಬರುತ್ತಿತ್ತು ಎಂದು ಅವ್ವ ಆಮೇಲೆ ಹೇಳಿದಳು. ಅವ್ವನ ಬಲಗೈಯ ಮಣಿಕಟ್ಟು ಮುರಿದಿತ್ತು. ಚಾಕಣದಿಂದ ನಾನು ಬರುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು, ಕಾರನ್ನು ಟಯರಿನ ಅಂಗಡಿಗೆ ಎಳೆದು ತಂದಿದ್ದರು, ಅವ್ವ ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು. ನಾನು ಮೊದಲು ಹೋದದ್ದು ಅವ್ವನ ಹತ್ತಿರ ಅಲ್ಲ. ಕಾರಿನ ಖಾನೆ ತೆಗೆದು ಗೇಜನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆ ಅವ್ವನ ಹತ್ತಿರ ಹೋದೆ.

ಅಂಗಡಿಯವನು ಹರಿದ ಟಯರಿನೊಳಗೆ ಬೆರಳು ಆಡಿಸಿ, "ಹವಾ ಕಮಿ ಹೋತಿ, ಕಾಕೂ. ಲಯ್ ದಿವಸ" ಎಂದ. ಗಾಳಿ ಕಡಿಮೆಯಿತ್ತು, ಬಹಳ ದಿನಗಳಿಂದ.

"ಮುಂಜಾನೆ ನಾನಽ ನೋಡೀನ್ರೀ. ಮೂವತ್ತಮೂರ ಇತ್ತು" ಎಂದೆ ನೀನು. ನನ್ನ ಕಡೆ ತಿರುಗಿ ಅಂದೆ. ಅವ್ವನೂ ನನ್ನನ್ನೇ ನೋಡಿದಳು.

ಗೇಜು ನನ್ನ ಜೇಬಿನಲ್ಲಿತ್ತು. ಆಗಲಾದರೂ —

"ಚಷ್ಮಾ ಹಾಕ್ಕೊಂಡಿದ್ದ್ಯೋ ಇಲ್ಲೋ? ಮುಳ್ಳು ಸರಿ ನೋಡಿರ್ಲಿಕ್ಕಿಲ್ಲ, ಬಿಡು" ಎಂದೆ.

ಬೈಯಲಿಲ್ಲ, ಮೆತ್ತಗೇ ಅಂದೆ. ಬೈದಿದ್ದರೆ ನೀನು ಜಗಳವಾಡುತ್ತಿದ್ದೆ, ಗೇಜು ತಾ ಅನ್ನುತ್ತಿದ್ದೆ. ನಾನು ದೊಡ್ಡ ಮನಸ್ಸು ಮಾಡಿದವನಂತೆ ಮಾತಾಡಿದ್ದರಿಂದ ನೀನು ಅದನ್ನೇ ನಂಬಿದೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದೆ. ಅವ್ವ ಎಡಗೈಯಿಂದ ನಿನ್ನ ಬೆನ್ನು ಸವರಿ, "ಇರ್ಲಿ ತಂಗಿ, ಕಣ್ಣು ಯಾರದರೆ ತಪ್ಪತಾವ" ಎಂದಳು.

ಅವ್ವ ಮತ್ತೆರಡು ವರ್ಷ ಬದುಕಿದಳು. ಆ ಕೈಯಿಂದ ರೊಟ್ಟಿ ಬಡಿಯಲು ಆಗಲಿಲ್ಲ, ಒಮ್ಮೆಯೂ ನಿನ್ನನ್ನು ದೂರಲಿಲ್ಲ. ಸೊಸೆಯನ್ನು ಕ್ಷಮಿಸಿದ್ದೇನೆ ಎಂದುಕೊಂಡೇ ಹೋದಳು. ಕ್ಷಮೆ ಕೇಳಬೇಕಾದವನು ಪಕ್ಕದಲ್ಲಿ ಕೂತು ನೀರು ಕುಡಿಸುತ್ತಿದ್ದ. ಅವಳಿಗೆ ಇನ್ನು ಹೇಳಲು ಬರುವಂತಿಲ್ಲ.

ನೀನು ಕಾರಿನ ಚಾವಿಯನ್ನು ಮೊಳೆಗೆ ತೂಗುಹಾಕಿದವಳು ಮತ್ತೆ ಮುಟ್ಟಲಿಲ್ಲ. ಭೋರಿನ ಹೆಂಗಸರು ಆರು ತಿಂಗಳು ಫೋನ್ ಮಾಡಿದರು, ಆಮೇಲೆ ಬಿಟ್ಟರು. ಗೇಜು ಎಲ್ಲಿ ಎಂದು ನೀನು ಒಮ್ಮೆ ಕೇಳಿದಾಗ, ಅಂಗಡಿಯಲ್ಲೇ ಬಿಟ್ಟುಬಂದೆವು ಎಂದೆ. ನೀನು ಮೊದಲೇ ಕೇಳಿದ್ದ ಆ ಸಣ್ಣ ಯಂತ್ರವನ್ನು ತಂದೆ. ನೀನು ಪೆಟ್ಟಿಗೆ ಒಡೆಯಲಿಲ್ಲ. ಕಣ್ಣಿನ ಡಾಕ್ಟರು ನಂಬರು ಅಷ್ಟೇ ಇದೆ, ಏನೂ ತೊಂದರೆಯಿಲ್ಲ ಎಂದರೂ ನೀನು ಇನ್ನೊಬ್ಬರ ಹತ್ತಿರ ಹೋದೆ. ನಾನೂ ಜೊತೆಗೆ ಬಂದೆ. ಹೊರಗೆ ಬೆಂಚಿನ ಮೇಲೆ ಕೂತೆ, ಒಳಗೆ ನೀನು ಅಕ್ಷರ ಓದುತ್ತಿದ್ದುದು ಕೇಳುತ್ತಿತ್ತು. ಎಲ್ಲವನ್ನೂ ಸರಿಯಾಗಿ ಓದಿದೆ.

ಈಗ ಒಂದು ರವಿಕೆಯನ್ನು ಮೂರು ಸಲ ಅಳೆಯುತ್ತೀಯ. ಕತ್ತರಿ ಹಾಕುವ ಮೊದಲು ನನ್ನನ್ನು ಕರೆಯುತ್ತೀಯ. ಮೊನ್ನೆ ನನ್ನ ತೋಳಿಗೆ ಬೀಪಿಯ ಪಟ್ಟಿ ಸುತ್ತಿ, ಗುಂಡಿ ಒತ್ತಿ, ಅಂಗೈಯಗಲದ ಪರದೆಯ ಮೇಲೆ ಅಷ್ಟು ದೊಡ್ಡದಾಗಿ ಬಂದ ಅಂಕಿಯನ್ನು ನೋಡಿ ಹೇಳಿದೆ: "ನೂರಾ ಐವತ್ತ ಅದರೀ. ನೀವೊಮ್ಮೆ ನೋಡ್ರಿ. ನನ್ನ ಕಣ್ಣು ನಂಬಬ್ಯಾಡ್ರಿ."

ನೂರಾ ಐವತ್ತೇ ಇತ್ತು. ಅವತ್ತು ನನಗೆ ಸಾಕಾಯಿತು, ಗಿರಿಜಾ. ಇದನ್ನು ಕಾಯ್ದುಕೊಂಡು ಕೂತು ದಣಿದಿದ್ದೇನೆ. ನನ್ನ ದಣಿವನ್ನು ನೀನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಸಿಟ್ಟು ಎಷ್ಟು ಬಂದರೂ ಅದು ನಿನ್ನದು, ಕೇಳಿಕೊಂಡಿರುತ್ತೇನೆ.

ಗೇಜು ನನ್ನ ಹತ್ತಿರವೇ ಇತ್ತು. ಕಪಾಟಿನಲ್ಲಿ, ಕಾರ್ಖಾನೆಯವರು ನಿವೃತ್ತಿಯ ದಿನ ಹೊದಿಸಿದ ಶಾಲಿನ ಅಡಿಯಲ್ಲಿ. ಹಸಿರು ಚೀಟಿ ಕಿತ್ತು ಹಾಕಿ, ಕೆಂಪು ಕಾಗದದ ಚೂರು ಅಂಟಿಸಿದ್ದೇನೆ. ಈ ಪತ್ರದ ಪಕ್ಕದಲ್ಲಿದೆ. ಆ ಸಣ್ಣ ಯಂತ್ರವನ್ನೂ ಪೆಟ್ಟಿಗೆಯಿಂದ ತೆಗೆದು ಇಟ್ಟಿದ್ದೇನೆ, ಚಾವಿಯನ್ನೂ.

ನಾನು ಹೇಳಿದ್ದನ್ನು ನೀನು ಒಮ್ಮೆ ನಂಬಿದ್ದು ಸಾಕು. ನಾನು ಕಾರು ತೆಗೆದು ಎರಡು ದಿನವಾಯಿತು, ಟಯರುಗಳು ತಣ್ಣಗಿವೆ. ಕೆಳಗಿಳಿದು ಒಂದೇ ಟಯರಿಗೆ ಮೊದಲು ಗೇಜು ಹಿಡಿ, ಆಮೇಲೆ ಯಂತ್ರವನ್ನು. ಎರಡು ಅಂಕಿಗಳನ್ನೂ ಓದು. ನಾನು ಮೇಲೆಯೇ ಇರುತ್ತೇನೆ. ನೋಡಲು ನನ್ನನ್ನು ಕರೆಯಬೇಡ.